ಪುಕ್ಕಟೆ ಕಾಫಿ ಮತ್ತು ಅಪ್ಪನ ಮೂಟೆಗಳು

ತುಂಬಾ ದಿನದಿಂದ ಈ ಕಡೆ ತಲೆ ಹಾಕಿರ್ಲಿಲ್ಲ. ಕೆಲಸ, ಚಳಿ, ಸೋಮಾರಿತನ... ಕಾರಣ ಯಾವುದಾದ್ರೂ ಇಟ್ಕೊಳ್ಳಿ. ಹೋದ ವಾರ ಒಂದು ಪುಕ್ಕಟೆ ಕಾಫಿ ಕುಡಿದೆ. ಅದರ ಬಗ್ಗೆ ಬರೀಲೇಬೇಕು ಅನ್ನಿಸ್ತು. ಕಾಫಿಗಿಂತ ಕಥೆ ಸ್ಟ್ರಾಂಗಾಗಿದೆ :-)

ನಾನೀಗ ಇರೋದು ಕೆನಡಾದ ಮಿಸಿಸಾಗಾದಲ್ಲಿ. 2024ರ ಕೊನೆಗೆ ಬಂದಿದ್ದು. ಬಂದ ಹೊಸತರಲ್ಲಿ ಮನೆ ಹುಡುಕೋಕೆ ಹೋದ್ರೆ ಎಲ್ಲರದ್ದೂ ಒಂದೇ ಪ್ರಶ್ನೆ, "ಕ್ರೆಡಿಟ್ ರಿಪೋರ್ಟ್ ಎಲ್ಲಿ?" ಇಲ್ಲಿ ಈಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಅಂತ ಎರಡು ಸಂಸ್ಥೆಗಳಿವೆ. ನಾವು ಸಾಲ ತಗೊಂಡು ಹೇಗೆ ತೀರಿಸ್ತೀವಿ ಅನ್ನೋದನ್ನ ನೋಡಿ 300ರಿಂದ 900ರ ಒಳಗೆ ಮಾರ್ಕ್ಸ್ ಕೊಡ್ತಾವೆ. ನಮ್ಮ ಸಿಬಿಲ್ ಸ್ಕೋರ್ ಇದ್ದ ಹಾಗೇನೇ, ಆದ್ರೆ ಊರಿನ ಮಾರ್ಕ್ಸ್ ಇಲ್ಲಿ ಲೆಕ್ಕಕ್ಕಿಲ್ಲ. ಸಾಲವೇ ಮಾಡದವರು ಒಳ್ಳೆಯವರಲ್ಲವಾ ಅಂತ ಕೇಳಿದ್ರೆ, ಅಲ್ಲ, ಅವರು ಗೊತ್ತಿಲ್ಲದವರು!

ಅಂದ್ರೆ ಕ್ರೆಡಿಟ್ ಕಾರ್ಡ್ ತಗೋಬೇಕು. ನಾನು ಅಪ್ಪನ ಮುಂದೆ, ಅಡಿಗೆಮನೆ ಬಾಗಿಲಲ್ಲಿ ನಿಂತು, ಇನ್ನು ಜನ್ಮದಲ್ಲಿ ಮುಟ್ಟಲ್ಲ ಅಂತ ಹೇಳಿದ್ದ ವಸ್ತು.

ಅದನ್ನೂ ಹೇಳಿಬಿಡ್ತೀನಿ. 2019ರಲ್ಲಿ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ ಎರಡನೇ ತಿಂಗಳು. ಆಫೀಸಿನ ಕ್ಯಾಂಟೀನ್ ಬಾಗಿಲಲ್ಲಿ ಒಂದು ಟೇಬಲ್, ಟೈ ಕಟ್ಟಿದ ಹುಡುಗ, "ಲೈಫ್‌ಟೈಮ್ ಫ್ರೀ ಮೇಡಂ, ವರ್ಷಕ್ಕೆ ಒಂದು ರೂಪಾಯಿ ಫೀಸಿಲ್ಲ" ಅಂದ. ಸೈನ್ ಹಾಕಿದೆ. ಬ್ಯಾಂಕಿನ ಹೆಸರು ಬೇಡ, ತಪ್ಪು ಹೆಚ್ಚಿನದ್ದು ನಂದೇ. ಫೋನು, ಗೋಕರ್ಣ ಟ್ರಿಪ್ಪು, ರಾತ್ರಿ ಹನ್ನೊಂದಕ್ಕೆ ತರಿಸಿದ ಬಿರಿಯಾನಿಗಳು. ಬಿಲ್ಲಿನಲ್ಲಿ ಎರಡು ಅಂಕಿ ಇರ್ತಿತ್ತು, ದೊಡ್ಡದೊಂದು, ಸಣ್ಣದೊಂದು. ಸಣ್ಣದರ ಹೆಸರು ಮಿನಿಮಮ್ ಡ್ಯೂ. ಅದನ್ನ ಕಟ್ಟಿದ್ರೆ ಯಾರೂ ಫೋನ್ ಮಾಡಲ್ಲ ಅಂತ ಗೊತ್ತಾದ ಮೇಲೆ ದೊಡ್ಡದರ ಕಡೆ ನೋಡೋದನ್ನೇ ಬಿಟ್ಟೆ.

ಲೆಕ್ಕ ಹೀಗಿತ್ತು ನೋಡಿ. ಬಾಕಿ 60,000 ರೂ. ಇದ್ದಾಗ ಬಡ್ಡಿ ತಿಂಗಳಿಗೆ ಶೇ. 3.5, ಅಂದ್ರೆ 2,100. ಆ ಬಡ್ಡಿ ಮೇಲೆ ಶೇ. 18 ಜಿಎಸ್‌ಟಿ, 378. ನಾನು ಕಟ್ತಿದ್ದ ಮಿನಿಮಮ್ 3,000. ಅಸಲಿಗೆ ಹೋಗಿದ್ದು 522 ರೂ.! ಸಾಲದ್ದಕ್ಕೆ, ಹಳೇ ಬಾಕಿ ಇರೋವಾಗ ಹೊಸದಾಗಿ ಕೊಂಡಿದ್ದಕ್ಕೆ ಕೊಂಡ ದಿನದಿಂದಲೇ ಬಡ್ಡಿ. ಹಗಲೆಲ್ಲಾ ಲೂಪ್ ಬರೆಯೋ ನನಗೆ ಇದು ಮುಗಿಯದ ಲೂಪ್ ಅಂತ ತಿಳಿಯೋಕೆ ಒಂದೂವರೆ ವರ್ಷ ಬೇಕಾಯ್ತು. ಮಧ್ಯೆ ಮಧ್ಯೆ ಮತ್ತೆ ಕಾರ್ಡ್ ಉಜ್ಜಿ ಉಜ್ಜಿ ಬಾಕಿ 84,000 ಆಗಿತ್ತು.

2021ರ ಶುರುವಿನಲ್ಲಿ ಅಮ್ಮನ ಹತ್ರ ಅತ್ತೆ. ಅಮ್ಮ ಅಪ್ಪನಿಗೆ ಹೇಳಿದ್ರು. ನಮ್ಮದು ಮೂಡಿಗೆರೆ ಕಡೆ ನಾಲ್ಕೆಕರೆ ತೋಟ, ಹೆಚ್ಚಿನದ್ದು ರೋಬಸ್ಟಾ. ರೇಟು ನೆಲ ಕಚ್ಚಿತ್ತು, ಏಳಲಿ ಅಂತ ಅಪ್ಪ ಚೆರ್ರಿ ಮೂಟೆಗಳನ್ನ ಒಳಗಿನ ಕೋಣೆಯಲ್ಲಿ ಒಟ್ಟಿಟ್ಟಿದ್ರು. ಮೂರನೇ ದಿನ ನನ್ನ ಅಕೌಂಟಿಗೆ ದುಡ್ಡು ಬಂತು. ಯುಗಾದಿಗೆ ಊರಿಗೆ ಹೋದಾಗ ಆ ಕೋಣೆ ಖಾಲಿ. ಅಪ್ಪ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. 2024ರಲ್ಲಿ ರೋಬಸ್ಟಾಗೆ ಹಿಂದೆಂದೂ ಕಾಣದ ರೇಟು ಬಂತಲ್ಲ, ಆಗ ನನಗೆ ಆ ಕೋಣೆಯೇ ಕಣ್ಣಿಗೆ ಬಂದಿದ್ದು.

ಇರಲಿ, ಮಿಸಿಸಾಗಾಕ್ಕೆ ಬರೋಣ. ರೂಮ್‌ಮೇಟ್ ಹುಬ್ಬಳ್ಳಿಯವಳು, ನನಗಿಂತ ಎರಡು ವರ್ಷ ಮುಂಚೆ ಬಂದವಳು. "ಟಿಮ್ಸ್ ಕಾರ್ಡ್ ತಗೊಳವಾ, ಫೀ ಇಲ್ಲ, ಕಾಫಿ ಫ್ರೀ ಬರ್ತದ" ಅಂದ್ಳು. ಟಿಮ್ಸ್ ಅಂದ್ರೆ ಟಿಮ್ ಹಾರ್ಟನ್ಸ್. ಟಿಮ್ ಹಾರ್ಟನ್ ಅನ್ನೋ ಐಸ್ ಹಾಕಿ ಆಟಗಾರನ ಹೆಸರಲ್ಲಿ 1964ರಲ್ಲಿ ಹ್ಯಾಮಿಲ್ಟನ್‌ನಲ್ಲಿ ಶುರುವಾದ ಅಂಗಡಿ. ಈಗ ಮೂಲೆಗೊಂದಿದೆ. ಎರಡು ಕ್ರೀಮು ಎರಡು ಸಕ್ಕರೆ ಹಾಕಿದ ಕಾಫಿಗೆ ಅಲ್ಲಿ "ಡಬಲ್ ಡಬಲ್" ಅಂತಾರೆ. ಆ ಪದ 2004ರಲ್ಲಿ ಕೆನಡಾದ ಆಕ್ಸ್‌ಫರ್ಡ್ ನಿಘಂಟಿಗೂ ಸೇರಿದೆ ಅಂದ್ರೆ ನೋಡಿ.

ಕಾಫಿ ಅಂಗಡಿಗೂ ಸಾಲದ ಕಾರ್ಡಿಗೂ ನಂಟು ಹೊಸದಲ್ಲ. ಅಮೆರಿಕದಲ್ಲಿ ಸ್ಟಾರ್‌ಬಕ್ಸ್ 2003ರಲ್ಲೇ ಬ್ಯಾಂಕ್ ಒನ್ ಜೊತೆ ಸೇರಿ ಡುಯೆಟ್ಟೋ ಅಂತ ವೀಸಾ ಕಾರ್ಡ್ ತಂದಿತ್ತು. ವಾರ್ಷಿಕ ಫೀ ಇಲ್ಲ. ಎಲ್ಲೇ ಖರ್ಚು ಮಾಡಿದ್ರೂ ಶೇ. 1ರಷ್ಟು ವಾಪಸ್ಸು, ಆದ್ರೆ ಕಾಫಿ ದುಡ್ಡಾಗಿ, ಅದೇ ಕಾರ್ಡಿನೊಳಗೆ. ಅದು ಮುಗಿದು ಎಷ್ಟೋ ಕಾಲವಾಯ್ತು. 2018ರಲ್ಲಿ ಚೇಸ್ ಜೊತೆ ಮತ್ತೆ ತಂದಾಗ ವರ್ಷಕ್ಕೆ 49 ಡಾಲರ್ ಫೀ ಇಟ್ಟಿದ್ರು. ಟಿಮ್ ಹಾರ್ಟನ್ಸ್ 2014ರಲ್ಲಿ ಸಿಐಬಿಸಿ ಬ್ಯಾಂಕ್ ಜೊತೆ ತಂದ ಕಾರ್ಡಿಗೆ ಎರಡು ಬಟನ್ ಇತ್ತಂತೆ. ಒಂದನ್ನ ಒತ್ತಿದ್ರೆ ಸಾಲ, ಇನ್ನೊಂದನ್ನ ಒತ್ತಿದ್ರೆ ಕೂಡಿಟ್ಟ ಕಾಫಿ ದುಡ್ಡು. ಈಗ ರೂಮ್‌ಮೇಟ್ ಹೇಳ್ತಿದ್ದಿದ್ದು 2023ರಲ್ಲಿ ನಿಯೋ ಫೈನಾನ್ಶಿಯಲ್ ಜೊತೆ ಬಂದ ಮಾಸ್ಟರ್‌ಕಾರ್ಡು.

ಒಂದು ಶನಿವಾರ ಸ್ಪ್ರೆಡ್‌ಶೀಟ್ ತೆಗೆದು ಕೂತೆ. ದಿನಸಿ, ಬಸ್ಸು, ಹೊರಗಿನ ಕಾಫಿ. ಒಂದು ಕಡೆ ಟಿಮ್ಸ್, ಇನ್ನೊಂದು ಕಡೆ ಪಿಸಿ ಫೈನಾನ್ಶಿಯಲ್ ಕಾರ್ಡು. ಅದಕ್ಕೂ ಫೀ ಇಲ್ಲ, ಅದರ ಪಾಯಿಂಟ್ಸಿಗೆ ನೋ ಫ್ರಿಲ್ಸ್‌ನಲ್ಲಿ ಅಕ್ಕಿ ಬೇಳೆ ಬರುತ್ತೆ. ಸಾದಾ ಶೇ. 1 ಕ್ಯಾಶ್‌ಬ್ಯಾಕ್ ಕಾರ್ಡನ್ನೂ ಸೇರಿಸಿದೆ. ಮೂರು ಗಂಟೆ ಗುಣಿಸಿ ಭಾಗಿಸಿ ಕೊನೆಗೆ ಗೊತ್ತಾಗಿದ್ದು, ನನ್ನಂಥವಳ ಖರ್ಚಿಗೆ ಯಾವುದನ್ನ ತಗೊಂಡ್ರೂ ವರ್ಷಕ್ಕೆ ಐವತ್ತು ಡಾಲರ್ ಹೆಚ್ಚುಕಮ್ಮಿ ಅಷ್ಟೇ.

ಆಮೇಲೆ ಸುಮ್ಮನೆ ಇನ್ನೊಂದು ಕಾಲಂ ಸೇರಿಸಿದೆ, ಬಡ್ಡಿಗೆ. ಇಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಶೇ. 19.99. ಸಾವಿರ ಡಾಲರ್ ಖರ್ಚು ಮಾಡಿದ್ರೆ ಶೇ. 1ರ ಲೆಕ್ಕದಲ್ಲಿ ಸಿಗೋದು 10 ಡಾಲರ್. ಆ ಸಾವಿರವನ್ನ ಒಂದೇ ಒಂದು ತಿಂಗಳು ಕಟ್ಟದೇ ಉಳಿಸಿದ್ರೆ ಬಡ್ಡಿ ಹತ್ತಿರ ಹತ್ತಿರ 16 ಡಾಲರ್ 66 ಸೆಂಟ್. ಐದು ಡಬಲ್ ಡಬಲ್ ಕೊಟ್ಟು ಎಂಟು ವಾಪಸ್ ತಗೊಂಡ ಹಾಗೆ.

ಫೀ ಇಲ್ಲ, ಪಾಯಿಂಟ್ಸ್ ಬೇರೆ ಕೊಡ್ತಾರೆ, ಹಾಗಾದ್ರೆ ದುಡ್ಡು ಎಲ್ಲಿಂದ ಬರುತ್ತೆ? ಪ್ರತಿ ಸಲ ಕಾರ್ಡ್ ಉಜ್ಜಿದಾಗ ಅಂಗಡಿಯವನ ಕೈಯಿಂದ ಕಾರ್ಡ್ ಕೊಟ್ಟ ಬ್ಯಾಂಕಿಗೆ ಒಂದಿಷ್ಟು ಹೋಗುತ್ತೆ. ಅಂಗಡಿಯವನು ಅದನ್ನ ಬೆಲೆಯಲ್ಲಿ ಸೇರಿಸ್ಕೊಳ್ತಾನೆ. ಜೊತೆಗೆ ಬಿಲ್ ಪೂರ್ತಿ ಕಟ್ಟದವರ ಬಡ್ಡಿ. ಇದನ್ನ ಓದ್ತಾ ಓದ್ತಾ ಹೊಟ್ಟೆಯಲ್ಲಿ ಏನೋ ಆಯ್ತು. 2020ರಲ್ಲಿ ಬೆಂಗಳೂರಿನ ಯಾವುದೋ ಶಿಸ್ತಿನ ಮನುಷ್ಯ ಏರ್‌ಪೋರ್ಟ್ ಲಾಂಜಿನಲ್ಲಿ ಪುಕ್ಕಟೆ ಕಾಫಿ ಕುಡಿದಿದ್ರೆ ಅದರಲ್ಲಿ ಒಂದು ಗುಟುಕು ನನ್ನದು. ನನ್ನದೇನು, ಅಪ್ಪನ ಮೂಟೆಯದ್ದು.

ಆ ಭಾನುವಾರ ಊರಿಗೆ ಫೋನ್ ಮಾಡಿ ಹೇಳಿದೆ. ಹೇಳದೇ ತಗೊಳ್ಳೋಕೆ ಮನಸ್ಸಾಗಲಿಲ್ಲ. ಪಾಯಿಂಟ್ಸ್ ಅಂದ್ರೆ ಏನು ಅಂತ ವಿವರಿಸಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡು ಅಂದ್ರು, "ನಮ್ಮೂರಿನ ವ್ಯಾಪಾರಿನೂ ಹಂಗೇ ಅಲ್ವನೇ. ಹೂವು ಬಿಟ್ಟಾಗ್ಲೇ ಅಡ್ವಾನ್ಸ್ ಕೊಡ್ತಾನೆ, ಅಂಗಡಿಗೆ ಹೋದ್ರೆ ಟೀ-ಬನ್ನು ತರಿಸ್ತಾನೆ. ಆಮೇಲೆ ರೇಟು ಅವನು ಹೇಳಿದ್ದೇ."

ಸ್ವಲ್ಪ ಹೊತ್ತು ಇಬ್ಬರೂ ಮಾತಾಡ್ಲಿಲ್ಲ.

"ಬೇಕೇ ಬೇಕು ಅಂದ್ರೆ ತಗೋ ಮಾರಾಯ್ತಿ. ಟೀ ಕುಡಿ, ಅಡ್ವಾನ್ಸ್ ಮುಟ್ಬೇಡ."

ತಗೊಂಡೆ, ಟಿಮ್ಸಿಂದೇ. ಅಕ್ಕಿ ಬೇಳೆ ಪಾಯಿಂಟ್ಸ್ ಲಾಭ ಅಂತ ನೀವು ಹೇಳಬಹುದು, ಸರಿ ಇರಬಹುದು. ಆದ್ರೆ ನನ್ನ ಬುದ್ಧಿ ನನಗೆ ಗೊತ್ತು. ಅಷ್ಟು ದೊಡ್ಡ ಅಂಗಡಿಯ ಪಾಯಿಂಟ್ಸ್ ಕೂಡಿಸೋಕೆ ಅಂತ ಬೇಡದ್ದನ್ನೂ ಗಾಡಿಗೆ ತುಂಬೋಳು ನಾನು. ಕಾಫಿ ಪಾಯಿಂಟ್ಸಿಗೆ ಹುಚ್ಚು ಹಿಡಿದ್ರೂ ಎಷ್ಟು ಕಾಫಿ ಕುಡಿಯೋಕಾಗುತ್ತೆ? ಮನೆಯಲ್ಲಿ ಫಿಲ್ಟರ್ ಬೇರೆ ಇದೆ.

ನಂದು ಠೇವಣಿ ಇಟ್ಟು ತಗೊಳ್ಳೋ ನಮೂನೆಯ ಕಾರ್ಡು. 500 ಡಾಲರ್ ಇಟ್ಟೆ, ಅಷ್ಟೇ ಲಿಮಿಟ್ಟು. ("ನಿನ್ನ ದುಡ್ಡು ಇಟ್ಕೊಂಡು ನಿಂಗೇ ಸಾಲ ಕೊಡೋದಾ?" ಅಂತ ಅಪ್ಪ ಮನಸಾರೆ ನಕ್ಕರು.) ಲಿಮಿಟ್ಟಿನ ಮೂರನೇ ಒಂದು ಪಾಲಿಗಿಂತ ಹೆಚ್ಚು ಬಳಸಿದ್ರೆ ಸ್ಕೋರಿಗೆ ಒಳ್ಳೇದಲ್ಲ ಅಂತಾರೆ, ಹಾಗಾಗಿ ಬಸ್ಸು ಮತ್ತು ತರಕಾರಿಗೆ ಮಾತ್ರ. ಪೂರ್ತಿ ಬಿಲ್ಲು ಡ್ಯೂ ಡೇಟಿಗೆ ಐದು ದಿನ ಮುಂಚೆ ತಾನಾಗೇ ಬ್ಯಾಂಕಿಂದ ಹೋಗೋ ಹಾಗೆ ಇಟ್ಟಿದ್ದೀನಿ. ಆದ್ರೂ ಆ ದಿನ ಬೆಳಿಗ್ಗೆ ಎದ್ದು ಹೋಯ್ತಾ ಅಂತ ನೋಡ್ತೀನಿ. ಇನ್ನೊಂದು ಲೆಕ್ಕವೂ ನಡೀತಿದೆ. ತಿಂಗಳಿಗಿಷ್ಟು ಅಂತ ಅಪ್ಪನ ಅಕೌಂಟಿಗೆ. 84,000 ಮುಗೀತು, ಮೂಟೆಗಳು ಇದ್ದಿದ್ರೆ 2024ರಲ್ಲಿ ಎಷ್ಟಾಗ್ತಿತ್ತೋ ಅದು ಇನ್ನೂ ಮುಗಿದಿಲ್ಲ. ಅಪ್ಪನಿಗೆ ಈ ಎರಡನೇ ಅಂಕಿ ಹೇಳಿಲ್ಲ.

ಹೋದ ವಾರ ಪಾಯಿಂಟ್ಸ್ ಸಾಕಷ್ಟಾಯ್ತು. ಕೌಂಟರಿನಲ್ಲಿ ಫೋನ್ ತೋರಿಸಿದೆ, ಬಿಲ್ಲು ಸೊನ್ನೆ ಬಂತು. ಲೋಟ ಹಿಡಿದು ಕಿಟಕಿ ಪಕ್ಕ ಕೂತು ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ.

"ಹೆಂಗಿದೆ?"

"ನೀರು ನೀರಾಗಿದೆ."

"ಬೀಜ ಯಾವುದಂತೆ?"

"ಪೂರ್ತಿ ಅರೇಬಿಕಾ ಅಂತ ಬರ್ದಿದ್ದಾರೆ."

"ಅದಕ್ಕೇ ಮತ್ತೆ," ಅಂದ್ರು ಅಪ್ಪ, "ಒಂದಿಷ್ಟು ರೋಬಸ್ಟಾ ಹಾಕ್ಬೇಕಿತ್ತು."