ಲ್ಯಾಪ್‌ಟಾಪ್ ಸಿಕ್ಕಿತು, ಕೋಣೆ ಸಿಗಲಿಲ್ಲ

ಸ್ವಲ್ಪ ಉದ್ದ ಐತಿ, ಪೂರ್ತಿ ಓದ್ರಿ.

ನನ್ನ ತಂಗಿಯ ಮಗಳು ಖಾನಾಪುರ ತಾಲೂಕಿನ ಹಳ್ಳಿಯವಳು. ಬೆಳಗಾವಿಯಲ್ಲಿ ಬಿ.ಇ. ಕಂಪ್ಯೂಟರ್ ಸೈನ್ಸ್, ಮೂರನೇ ವರ್ಷ. ನಮ್ಮ ಬಳಗದಾಗ ಇಂಜಿನಿಯರಿಂಗ್ ಮೆಟ್ಟಿಲು ಹತ್ತಿದ ಮೊದಲ ಹುಡುಗಿ. ಹೋದ ತಿಂಗಳು ಅವಳ ಕಾಲೇಜಿಗೆ ಒಂದು ಕಂಪನಿಯವರು ಬಂದು ಹೆಣ್ಣುಮಕ್ಕಳಿಗೆ ಕೋಡಿಂಗ್ ತರಬೇತಿ ಕೊಟ್ಟರು, ಸಾಲಾಗಿ ಕೂಡಿಸಿ ಫೋಟೋ ತೆಗೆದರು. ರಾತ್ರಿ ಮಹಾಂತೇಶ ನಗರದ ನಮ್ಮ ಮನೆಗೆ ಬಂದವಳೇ ಬ್ಯಾಗು ಕೆಳಗಿಟ್ಟು ಕೇಳಿದಳು:

"ದೊಡ್ಡವ್ವ, ಕಡೀಕ ಒಂದು ಫಾರ್ಮ್ ಕೊಟ್ರು. ನಿಮ್ಮ ಓದಿಗೆ ದೊಡ್ಡ ಅಡ್ಡಿ ಯಾವುದು ಅಂತ. ಆತ್ಮವಿಶ್ವಾಸ, ಇಂಗ್ಲಿಷು, ಮನಿಯವರ ವಿರೋಧ, ಮೂರರಾಗ ಒಂದಕ್ಕ ಟಿಕ್ ಹಾಕ್ಬೇಕು. ನಾ ಯಾವುದಕ್ಕ ಹಾಕ್ಲಿ?"

ರೊಕ್ಕ ಇಲ್ಲವೇ ಇಲ್ಲ ಅಂತ ನಾನು ಹೇಳಂಗಿಲ್ಲ. ಎಐಸಿಟಿಇಯ ಪ್ರಗತಿ ಯೋಜನೆ ತಾಂತ್ರಿಕ ಶಿಕ್ಷಣದ ಹುಡುಗಿಯರಿಗೆ ವರ್ಷಕ್ಕೆ 50 ಸಾವಿರ ಕೊಡ್ತದೆ. ಇನ್ಫೋಸಿಸ್ ಫೌಂಡೇಶನ್ 2023ರಲ್ಲಿ ಶುರು ಮಾಡಿದ ಸ್ಟೆಮ್ ಸ್ಟಾರ್ಸ್ ವರ್ಷಕ್ಕೆ 1 ಲಕ್ಷದವರೆಗೆ, ಊಟ-ವಸತಿ ಖರ್ಚೂ ಸೇರಿಸಿ. ಒಳ್ಳೆಯ ಕೆಲಸ. ನಮ್ಮ ಹುಡುಗಿಯರು ಅರ್ಜಿ ಹಾಕಬೇಕು, ನಾನೇ ಕೂತು ಹಾಕಿಸ್ತೀನಿ.

ಆದರೆ ಮೊದಲ ವರ್ಷದ ಕಥೆ ಕೇಳ್ರಿ. ಹಾಸ್ಟೆಲ್ ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ. ಬಾಡಿಗೆ ಕೋಣೆ ಹುಡುಕಿದೆವು. ಅಡ್ವಾನ್ಸ್ ಕೈಯಲ್ಲೇ ಇತ್ತು. ಮೊದಲನೇ ಮನೆಯಲ್ಲಿ ಚಹಾ ಕೊಟ್ಟು, ಆಮೇಲೆ ಮೆಲ್ಲಗೆ "ನಿಮ್ಮದು ಯಾವ ಮಂದಿ?" ಅಂದರು. ನಾನು ಹೇಳಿದೆ. ಕೋಣೆ ನಿನ್ನೆನೇ ಹೋಯ್ತು ಅಂದರು. ಎರಡನೇ ಮನೆಯಲ್ಲಿ ಚಹಾನೂ ಇರಲಿಲ್ಲ. ಮೂರನೆಯ ಮನೆಯ ಬಾಗಿಲಲ್ಲಿ ಹುಡುಗಿ ನನ್ನ ಸೆರಗು ಜಗ್ಗಿ, "ನಡಿ ದೊಡ್ಡವ್ವ, ನಾ ಬಸ್ಸಿನಾಗ ಅಡ್ಡಾಡ್ತೀನಿ" ಅಂದಳು.

ಒಂದು ವರ್ಷ ಅಡ್ಡಾಡಿದಳು. ಶಕ್ತಿ ಯೋಜನೆಯಿಂದ ಟಿಕೆಟ್ ಇಲ್ಲ, ಖರೆ. (ಆ ಗ್ಯಾರಂಟಿಗಳಿಗೆ 2023-24ರಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿಯಿಂದ 11 ಸಾವಿರ ಕೋಟಿಗೂ ಹೆಚ್ಚು ಹೋಗಿದ್ದು ನಿಮಗೆ ಗೊತ್ತೇ ಇದೆ.) ಹಳ್ಳಿ ಮುಟ್ಟುವಾಗ ಕತ್ತಲೆ. ಮಳೆಗಾಲದಲ್ಲಿ ಖಾನಾಪುರದ ಕಾಡಂಚಿಗೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಲ್ಯಾಪ್‌ಟಾಪ್ ಇತ್ತು, ಚಾರ್ಜ್ ಇರಲಿಲ್ಲ. ಎರಡು ಸಬ್ಜೆಕ್ಟ್ ಉಳಿದವು. ಬಿಡ್ತೀನಿ ಅಂದಳು. ಆಗ ನಮ್ಮ ಮನೆಗೇ ಕರ್ಕೊಂಡು ಬಂದೆ. ಎರಡೇ ಕೋಣೆ, ಆರು ಮಂದಿ. ಎಲ್ಲರೂ ಮಲಗಿದ ಮೇಲೆ ಅಡಿಗೆಮನಿಯಲ್ಲಿ ಕೂತು ಓದ್ತಾಳೆ. ದೊಡ್ಡವ್ವನ ಮನೆ ಊರಲ್ಲಿಲ್ಲದ ಹುಡುಗಿಯರು ಎಲ್ಲಿ ಹೋದರೋ?

ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಿಎಸ್‌ಆರ್‌ಗೆ ಖರ್ಚು ಮಾಡಬೇಕು ಅನ್ನೋದು 2013ರ ಕಂಪನಿ ಕಾಯ್ದೆ. ಯಾವುದಕ್ಕೆ ಅಂತ 7ನೇ ಅನುಸೂಚಿ ಹೇಳ್ತದೆ. ಲಿಂಗ ಸಮಾನತೆ ಅಂತ ಬರೆದ ಅದೇ ಸಾಲಿನಲ್ಲಿ ಮಹಿಳೆಯರಿಗೆ ಹಾಸ್ಟೆಲ್ ಅಂತಲೂ ಇದೆ, ಸಾಮಾಜಿಕವಾಗಿ ಹಿಂದುಳಿದವರ ಅಸಮಾನತೆ ತಗ್ಗಿಸೋದು ಅಂತಲೂ ಇದೆ. ನಮ್ಮ ಕಡೆ ಬರೋದು ಮಾತ್ರ ಎರಡು ದಿನದ ತರಬೇತಿ, ಟಿ-ಶರ್ಟು, ಫೋಟೋ. ಹಾಸ್ಟೆಲ್ ಕಟ್ಟಿದರೆ ನೂರು ಹುಡುಗಿಯರು ಅಷ್ಟೇ ಲೆಕ್ಕಕ್ಕೆ ಸಿಗ್ತಾರೆ, ತರಬೇತಿಯಲ್ಲಾದರೆ ಸಾವಿರ ಅಂತ ತೋರಿಸಬಹುದು. 'ಮಹಿಳೆಯರು' ಅನ್ನೋ ಒಂದೇ ಕಾಲಮ್ಮಿನಲ್ಲಿ ನಮ್ಮ ಹುಡುಗಿ ಎಲ್ಲಿದ್ದಾಳೆ ಅಂತ ಯಾರೂ ಕೇಳೋದಿಲ್ಲ.

ಆ ಫಾರ್ಮ್ ಏನು ಮಾಡಿದಿ ಅಂದೆ. ಮೂರೂ ಬಿಟ್ಟು ಕೆಳಗೆ ಪೆನ್ನಿನಿಂದ 'ಬಾಡಿಗೆ ಮನಿ' ಅಂತ ಬರೆದು ಬಂದಾಳಂತ.

ಬೆಳಗಾವಿಯಲ್ಲಿ ಓದುವಾಗ ಜಾತಿ ಕೇಳಿ ಕೋಣೆ ಕೊಡದಿದ್ದ ಅನುಭವ ಇರೋ ಹೆಣ್ಣುಮಕ್ಕಳು ನನಗೆ ಇನ್‌ಬಾಕ್ಸ್ ಮಾಡ್ರಿ. ಹೆಸರು ಬ್ಯಾಡ, ಓದಿದ ಕೋರ್ಸು, ವರ್ಷ ಸಾಕು. ಪಟ್ಟಿ ಮಾಡಿ ಜಿಲ್ಲಾಧಿಕಾರಿ ಕಚೇರಿಗೆ ಒಂದು ಪ್ರತಿ, ಆ ಕಂಪನಿಗೆ ಒಂದು ಪ್ರತಿ ಕೊಡ್ತೀವಿ.