ಕಳಚಿಟ್ಟ ವೇಷಗಳು

ಕನ್ನಡದ ಮೇಷ್ಟ್ರಿಗೆ ರಾಕ್ ಸಂಗೀತದ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಕೇಳಬೇಕಾದ್ದೇ. ನನ್ನ ಕಿವಿ ಪಳಗಿದ್ದು ತಂಬೂರಿಯ ಶ್ರುತಿಗೆ. ಆ ಗಿಟಾರುಗಳ ಆರ್ಭಟದಲ್ಲಿ ತಾಳವೆಲ್ಲಿ, ತಲೆನೋವೆಲ್ಲಿ ಎಂದು ಬೇರ್ಪಡಿಸುವ ಜಾಣ್ಮೆ ನನಗೆ ಇಂದಿಗೂ ಬಂದಿಲ್ಲ. ಆದರೂ ಮಗಳ ಕೃಪೆಯಿಂದ ನಮ್ಮ ಮನೆಯೊಳಗೆ ಕಾಲಿಟ್ಟ ಡೇವಿಡ್ ಬೋವಿ ಎಂಬಾತ, ಹಾಡಿಗಿಂತ ಹೆಚ್ಚಾಗಿ ತನ್ನ ಬಾಳಿನಿಂದ, ನನ್ನನ್ನು ಕಾಡತೊಡಗಿದ್ದಾನೆ.

ಈತ ಹುಟ್ಟಿದ್ದು 1947ರ ಜನವರಿ 8ರಂದು, ಲಂಡನ್ನಿನ ಬ್ರಿಕ್ಸ್‌ಟನ್ನಿನಲ್ಲಿ. ಹೆತ್ತವರಿಟ್ಟ ಹೆಸರು ಡೇವಿಡ್ ಜೋನ್ಸ್. ಅಂಥದೇ ಹೆಸರಿನ ಇನ್ನೊಬ್ಬ ಗಾಯಕ ಆಗಲೇ ಇದ್ದುದರಿಂದ ಬೋವಿ ಎಂದು ಬದಲಿಸಿಕೊಂಡ. ಕಾವ್ಯನಾಮಗಳ ನಡುವೆಯೇ ಬಾಳುವ ನಮ್ಮಂಥವರಿಗೆ ಇದೇನೂ ಸೋಜಿಗವಲ್ಲ. ಹದಿನೈದರ ಹುಡುಗನಾಗಿದ್ದಾಗ ಒಬ್ಬ ಹುಡುಗಿಯ ವಿಷಯಕ್ಕೆ ಗೆಳೆಯನಿಂದ ಗುದ್ದು ತಿಂದು, ಎಡಗಣ್ಣಿನ ಪಾಪೆ ಜೀವಮಾನವಿಡೀ ಹಿಗ್ಗಿಕೊಂಡೇ ಉಳಿಯಿತು. ಗುದ್ದಿದವನ ಸ್ನೇಹವೂ ಉಳಿಯಿತು. ಮುಂದೆ ಈತನ ಧ್ವನಿಮುದ್ರಿಕೆಗಳ ಹೊದಿಕೆಗೆ ಕೈಗೂಡಿಸಿದವನೂ ಅವನೇ!

1972ರಲ್ಲಿ ಬೋವಿ ‘ಝಿಗ್ಗಿ ಸ್ಟಾರ್‌ಡಸ್ಟ್’ ಎಂಬ ಪಾತ್ರವನ್ನು ಸೃಷ್ಟಿಸಿಕೊಂಡ. ಕೆಂಡದ ಬಣ್ಣದ ಕೂದಲು, ಗಂಡೋ ಹೆಣ್ಣೋ ಎಂದು ನೋಡಿದವರು ತಬ್ಬಿಬ್ಬಾಗುವ ಉಡುಪು. ಕೀರ್ತಿಯೇ ನುಂಗಿಹಾಕಿದ ಒಬ್ಬ ಗಾಯಕನ ಕಥೆ ಅದು. ಜನ ಹುಚ್ಚೆದ್ದು ಕುಣಿದರು. ಒಂದೂವರೆ ವರ್ಷ ಕಳೆದಿರಬೇಕು. 1973ರ ಜುಲೈ 3ರಂದು, ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್ ರಂಗಮಂದಿರದಲ್ಲಿ ಕಿಕ್ಕಿರಿದ ಸಭೆಯ ಮುಂದೆ, ಇದೇ ಕಡೆಯ ಆಟವೆಂದು ಸಾರಿಬಿಟ್ಟ. ಪಕ್ಕದಲ್ಲಿ ವಾದ್ಯ ನುಡಿಸುತ್ತಿದ್ದವರಲ್ಲೇ ಇಬ್ಬರಿಗೆ ಆ ಸುದ್ದಿ ತಿಳಿದದ್ದು ಆಗಲೇ.

ವೇಷ ಹಾಕುವುದು ಏನು ಮಹಾ! ಹೊಟ್ಟೆಪಾಡಿಗೆ ಎಲ್ಲರೂ ಒಂದೊಂದು ಹಾಕಿಕೊಂಡೇ ಇದ್ದೇವೆ. ತರಗತಿಯಲ್ಲಿ ನಾನು ಇಪ್ಪತ್ತು ವರ್ಷದಿಂದ ಒಂದೇ ವೇಷದಲ್ಲಿದ್ದೇನೆ. ಹಳಗನ್ನಡದ ಪಾಠ ಒಂದು ಜಾಗಕ್ಕೆ ಬಂದರೆ ಒಂದು ಹಾಸ್ಯ, ಹುಡುಗರು ನಗುತ್ತಾರೆ, ಮುಂದಿನ ವರ್ಷ ಅದೇ ಜಾಗ, ಅದೇ ಹಾಸ್ಯ. ನಗೆ ಬರುತ್ತಿರುವಾಗ ಅದನ್ನು ಬಿಡುವ ಮನಸ್ಸು ಯಾರಿಗೆ ಬಂದೀತು? ಚಪ್ಪಾಳೆ ನಿಂತ ಮೇಲೆ ಬಣ್ಣ ಒರೆಸಿಕೊಳ್ಳುವವರನ್ನು ಬೇಕಾದಷ್ಟು ಕಂಡಿದ್ದೇನೆ. ಬೀಳುತ್ತಿರುವಾಗಲೇ ಒರೆಸಿಕೊಂಡವನು ಈತ.

ಇದನ್ನು ಬರಿಯ ಚಪಲವೆಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗೆನ್ನಿಸುವುದಿಲ್ಲ. ಬೋವಿಗೆ ಟೆರಿ ಎಂಬ ಅಣ್ಣನಿದ್ದ; ತಾಯಿ ಒಬ್ಬಳೇ, ತಂದೆ ಬೇರೆ. ತಮ್ಮನಿಗೆ ಜಾಸ್ ಸಂಗೀತದ ರುಚಿ ಹತ್ತಿಸಿದವನು ಅವನು. ಆ ಅಣ್ಣ ಸ್ಕಿಜೋಫ್ರೇನಿಯಾ ಎಂಬ ಮನೋರೋಗದಿಂದ ವರ್ಷಗಟ್ಟಲೆ ನರಳಿ 1985ರಲ್ಲಿ ತಾನಾಗಿಯೇ ಪ್ರಾಣ ನೀಗಿದ. ಝಿಗ್ಗಿ ತನ್ನನ್ನು ಬಿಟ್ಟು ಹೋಗದೆ, ತನ್ನ ಬುದ್ಧಿಯ ಮೇಲೇ ತನಗೆ ಅನುಮಾನ ಬಂದಿತ್ತೆಂದು ಬೋವಿಯೇ ಹೇಳಿಕೊಂಡದ್ದುಂಟು. ಅಣ್ಣನನ್ನು ಕಣ್ಣಾರೆ ಕಂಡವನ ಬಾಯಲ್ಲಿ ಈ ಮಾತು ಅಲಂಕಾರವಾಗಿರಲಾರದು.

ಹಾಗೆಂದು ಆತ ಒಮ್ಮೆಗೇ ಪಾರಾದನೆಂದಲ್ಲ. ಅಮೆರಿಕಕ್ಕೆ ಹೋಗಿ ಕೊಕೇನಿಗೆ ದಾಸನಾದ. 1976ರಲ್ಲಿ ಹೊರಬಂದ ಒಂದು ಧ್ವನಿಮುದ್ರಿಕೆಯನ್ನು ತಾನು ಮಾಡಿದ ನೆನಪೇ ಬಹುಮಟ್ಟಿಗೆ ಇಲ್ಲವೆಂದ. ಹಿಟ್ಲರನನ್ನು ಕುರಿತು ಆಡಬಾರದ ಮಾತನ್ನೂ ಆಡಿ ಆಮೇಲೆ ಪರಿತಪಿಸಿದ. ಕಡೆಗೆ ಪಶ್ಚಿಮ ಬರ್ಲಿನ್ನಿಗೆ ಓಡಿಬಂದು ಬಾಡಿಗೆ ಮನೆ ಹಿಡಿದು, ಗೋಡೆಯ ಮಗ್ಗುಲಲ್ಲೇ ಇದ್ದ ಹಾನ್ಸಾ ಸ್ಟುಡಿಯೋದಲ್ಲಿ ‘ಹೀರೋಸ್’ ರೂಪಿಸಿದ. 1980ರಲ್ಲಿ ‘ದಿ ಎಲಿಫೆಂಟ್ ಮ್ಯಾನ್’ ನಾಟಕದಲ್ಲಿ ವಿಕಾರರೂಪದ ಮನುಷ್ಯನ ಪಾತ್ರ ಸಿಕ್ಕಿತು. ಬಣ್ಣದಿಂದಲೇ ಹೆಸರಾದವನು ಆ ವಿಕಾರಕ್ಕೆ ಬಣ್ಣದ ನೆರವಿಲ್ಲದೆ, ಮೈಯನ್ನು ಸೊಟ್ಟಮಾಡಿಯೇ ನಟಿಸಿ ಸೈ ಎನ್ನಿಸಿಕೊಂಡ.

1983ರ ‘ಲೆಟ್ಸ್ ಡಾನ್ಸ್’ ಹಣವನ್ನು ಮಳೆಗರೆಯಿತು. ಆಗ ಮಾತ್ರ, ಬಂದ ಜನಕ್ಕೆ ಬೇಕಾದ್ದನ್ನು ಕೊಡಹೊರಟ. ಮುಂದಿನ ಕೆಲವು ವರ್ಷ ಸೊರಗಿದವು. ತನ್ನ ಕೆಲಸದಲ್ಲಿ ಅವೇ ಅಧಮವೆಂದು ಆತನೇ ತೀರ್ಪು ಕೊಟ್ಟುಕೊಂಡ. ಮತ್ತೆ ಎಲ್ಲ ಬಿಟ್ಟು, ನಾಲ್ವರ ತಂಡವೊಂದರಲ್ಲಿ ನಾಲ್ವರಲ್ಲೊಬ್ಬನಾಗಿ ನಿಂತ.

2004ರಲ್ಲಿ ಹೃದ್ರೋಗ ತಗುಲಿ ತೆರೆಮರೆಗೆ ಸರಿದವನು ಒಂಬತ್ತು ವರ್ಷದ ಮೇಲೆ ತನ್ನ ಹುಟ್ಟುಹಬ್ಬದ ದಿನ ಮುನ್ಸೂಚನೆಯಿಲ್ಲದೆ ಹೊಸ ಹಾಡು ಹೊರತಂದ. ಆ ಬಳಿಕ ಬಂದ ‘ದಿ ನೆಕ್ಸ್ಟ್ ಡೇ’ ಹೊದಿಕೆಯ ಮೇಲೆ ಇದ್ದದ್ದು ಹಳೆಯ ‘ಹೀರೋಸ್’ ಚಿತ್ರವೇ. ಮುಖ ಮುಚ್ಚುವಂತೆ ಮಧ್ಯೆ ಬಿಳಿಯ ಚೌಕ. ಕಡೆಯದು ‘ಬ್ಲಾಕ್‌ಸ್ಟಾರ್’. 2016ರ ಜನವರಿ 8ರಂದು, ಅರವತ್ತೊಂಬತ್ತು ತುಂಬಿದ ದಿನ, ಹೊರಬಂತು. 10ರಂದು ಆತ ಇಲ್ಲ. ಕ್ಯಾನ್ಸರ್ ಎಂಬುದು ಜನಕ್ಕೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಹಾವು ಪೊರೆ ಬಿಟ್ಟರೆ ತಿರುಗಿ ನೋಡುವುದಿಲ್ಲ ಎನ್ನುತ್ತಾರೆ. ಈತನ ಲೆಕ್ಕಾಚಾರ ಬೇರೆ. ಕಳಚಿದ ಉಡುಪು, ಹಾಳೆಯ ತುಣುಕು, ವಾದ್ಯ ಎಲ್ಲವನ್ನೂ ಜೋಪಾನವಾಗಿ ಇಡಿಸಿದ್ದ. 90,000ದಷ್ಟು ವಸ್ತುಗಳು ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದ ವಶದಲ್ಲಿವೆ. 2025ರ ಸೆಪ್ಟೆಂಬರಿನಲ್ಲಿ ಅವಕ್ಕೆಂದೇ ಒಂದು ಕೇಂದ್ರ ತೆರೆದಿದೆ. ಝಿಗ್ಗಿಯ ಅಂಗಿಗಳೂ ಅಲ್ಲಿವೆ. ಮೊದಲೇ ಕೇಳಿಕೊಂಡರೆ, ಇಟ್ಟಲ್ಲಿಂದ ತೆಗೆದು ಮೇಜಿನ ಮೇಲೆ ಹರಡಿ ತೋರಿಸುತ್ತಾರಂತೆ.