ಒಗರು ಅಂದರೆ ಗೊತ್ತಾ, ಅಜ್ಜಿ?

ಭಾನುವಾರದ ಕನ್ನಡ ತರಗತಿಯಲ್ಲಿ ಹಣ್ಣುಗಳ ಪಾಠವನ್ನು ನಾನು ಚಿತ್ರದ ಕಾರ್ಡುಗಳಿಂದಲೇ ಶುರು ಮಾಡಿದ್ದೆ. ಮಾವು, ಬಾಳೆ, ಸೀಬೆ, ದಾಳಿಂಬೆ. ಮಕ್ಕಳು ಗಿಳಿಪಾಠ ಒಪ್ಪಿಸಿದರು, ಮುಂದಿನ ವಾರಕ್ಕೆ ಮರೆತರು. ನನ್ನ ಮಗಳಂತೂ ಊರಿಂದ ಅಜ್ಜಿ "ಏನು ಹಣ್ಣು ತಿಂದೆ ಪುಟ್ಟಿ?" ಎಂದು ಕೇಳಿದರೆ "ಆಪಲ್" ಎಂದು ಫೋನನ್ನು ನನ್ನ ಕೈಗೆ ಕೊಟ್ಟು ಓಡುತ್ತಿದ್ದಳು. ನಿಮ್ಮ ಮನೆಯಲ್ಲೂ ಹೀಗೇ ಇರಬಹುದು.

ಅಕ್ಟೋಬರಿನ ಒಂದು ಭಾನುವಾರ ಕಾರ್ಡು ಬಿಟ್ಟು ಹಣ್ಣನ್ನೇ ಒಯ್ದೆ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅದು ಪರ್ಸಿಮನ್ ಕಾಲ. ಚಪ್ಪಟೆಯಾಗಿರುವ ಫುಯು ಗಟ್ಟಿಯಿದ್ದಾಗಲೂ ಸಿಹಿ. ತುದಿ ಚೂಪಾಗಿರುವ ಹಚಿಯಾ ಪೂರ್ತಿ ಮೆತ್ತಗಾಗುವ ತನಕ ಬಾಯಿಗಿಡಲು ಆಗದು. ಎರಡನ್ನೂ ತಟ್ಟೆಯಲ್ಲಿಟ್ಟೆ.

ಮೊದಲು ಮುಟ್ಟಿದರು, ಮೂಸಿದರು. ತೊಟ್ಟು, ಸಿಪ್ಪೆ, ತಿರುಳು, ನುಣುಪು ಎಂಬ ಮಾತುಗಳು ಕೈಗೆ ಸಿಕ್ಕಂತೆ ಬಂದವು. ರುಚಿ ನೋಡಲೇಬೇಕು ಎಂಬ ಕಡ್ಡಾಯವಿರಲಿಲ್ಲ. ಒಲ್ಲದವರು "ನನಗೆ ಬೇಡ" ಎಂದರೆ ಸಾಕು. ಅದೂ ಕನ್ನಡವೇ ತಾನೆ! ಬಾಯಿಗೆ ಹಾಕಿಕೊಂಡವರು ಕಾಗದದಲ್ಲಿ ಉಗಿಯಲೂಬಹುದಿತ್ತು.

ಮಗಳು ಗಟ್ಟಿ ಹಚಿಯಾದ ಉಗುರಿನಷ್ಟು ಚೂರು ಕಚ್ಚಿ ಮುಖ ಕಿವಿಚಿದಳು. "ಅಮ್ಮಾ, ಇದು ಹುಳಿ ಅಲ್ಲ, ಕಹಿನೂ ಅಲ್ಲ... ಟಂಗ್ ಒಂಥರಾ ಆಗ್ತಿದೆ!" ಇಂಗ್ಲಿಷಿನಲ್ಲಿ ಹುಡುಕಿದಳು, ಅವಳಿಗೆ ಗೊತ್ತಿದ್ದ ಯಾವ ಪದವೂ ಹೊಂದಲಿಲ್ಲ. "ಅದಕ್ಕೆ ಒಗರು ಅಂತಾರೆ" ಎಂದೆ. ಆಮೇಲೆ ಎಲ್ಲರಿಗೂ ಒಗರು ಬೇಕಾಯಿತು! ಕಾಯಿಯಲ್ಲಿರುವ ಟ್ಯಾನಿನ್ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿ ಒಣಗಿದಂತಾಗುತ್ತದೆ ಎಂದು ದೊಡ್ಡ ಮಕ್ಕಳಿಗೆ ವಿವರಿಸಿದೆ.

ಉಳಿದ ಹಚಿಯಾಗಳನ್ನು ಮನೆಯಲ್ಲಿ ಮಾಗಲು ಬಿಟ್ಟು, ಮೆತ್ತಗಾದ ಮೇಲೆ ಮತ್ತೆ ಒಯ್ದೆ. ಚಮಚದಲ್ಲಿ ತಿಂದವರೆಲ್ಲ "ಸಿಹಿ!" ಎಂದರು. ಕಾಯಿಗೂ ಹಣ್ಣಿಗೂ ಇರುವ ವ್ಯತ್ಯಾಸವನ್ನು ನಾನು ಹೇಳಿಕೊಡಬೇಕಾಗಲಿಲ್ಲ.

ಆ ಮೊದಲ ಭಾನುವಾರ ರಾತ್ರಿ ಅಜ್ಜಿಯ ಫೋನು ಬಂದಾಗ ಮಗಳೇ ಎತ್ತಿಕೊಂಡಳು. "ಅಜ್ಜಿ, ಒಗರು ಅಂದ್ರೆ ಗೊತ್ತಾ?" ಅಜ್ಜಿ ನೇರಳೆಹಣ್ಣು, ಎಳೆ ಸೀಬೆಕಾಯಿ, ಬಾಳೆಕಾಯಿ ಎಂದು ಪಟ್ಟಿಯನ್ನೇ ಬಿಚ್ಚಿದರು. ಮಗಳ ಮಾತು ಅರ್ಧ ಇಂಗ್ಲಿಷಿನಲ್ಲೇ ಇತ್ತು. ಆದರೆ ಆ ದಿನ ಫೋನು ನನ್ನ ಕೈಗೆ ಬರಲೇ ಇಲ್ಲ.

ನೀವೂ ಮಾಡಿನೋಡಿ. ಯಾವ ಮಗುವಿಗೆ ಯಾವುದರ ಅಲರ್ಜಿ ಇದೆ ಎಂದು ಮನೆಯವರನ್ನು ಮೊದಲೇ ಕೇಳಿ. ಪುಟ್ಟ ಮಕ್ಕಳಿದ್ದರೆ ದ್ರಾಕ್ಷಿಯನ್ನು ಉದ್ದುದ್ದ ನಾಲ್ಕಾಗಿ ಸೀಳಿ. ಇಡಿಯಾಗಿ ಕೊಟ್ಟರೆ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಸೇಬು ಕಪ್ಪಾಗದಿರಲು ನಿಂಬೆರಸ ಸವರಿ. ಆಮೇಲೆ ಒಂದೇ ನಿಯಮ: ಮೊದಲು ರುಚಿ, ಆಮೇಲೆ ಹೆಸರು. ಮಗು ಪದಕ್ಕಾಗಿ ತಡಕಾಡುವ ತನಕ ಕಾಯಿರಿ. ಆಗ ಕೊಟ್ಟ ಪದ ಮರೆಯುವುದು ಕಷ್ಟ.